ಕಣ್ಣು ಹೋದ ಕಡೆ ಬೆಳಕು

"ಯಾರು ಅಳಿಸಿದ್ರು?"

ಇಕ್ಬಾಲ ಕೇಳಿದ ಪ್ರಶ್ನೆ ನಾಹಿದಾಳಿಗೆ ಅರ್ಥವೇ ಆಗಲಿಲ್ಲ. ದುರ್ಗದ ಬೈಲಿನ ಗದ್ದಲದಿಂದ ನಾಲ್ಕು ಮೆಟ್ಟಿಲು ಮೇಲಿದ್ದ ಆ ಚಷ್ಮಾ ಅಂಗಡಿಗೆ ಅವಳು ಬಂದು ಎರಡು ನಿಮಿಷವೂ ಆಗಿರಲಿಲ್ಲ. ಕಣ್ಣು ಕೆಂಪಾಗಿದ್ದವು, ರೆಪ್ಪೆ ಊದಿಕೊಂಡಿದ್ದವು. ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ ಕುರ್ಚಿಯ ಮೇಲೆ ಕುಸಿದವಳನ್ನು ಕಂಡು, ಅಂಗಡಿ ನಡೆಸುತ್ತಿದ್ದ ಇಕ್ಬಾಲ ಕೈಯಲ್ಲಿದ್ದ ಫ್ರೇಮು ಕೆಳಗಿಟ್ಟು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದಿದ್ದ.

"ಮೊದಲ ನೀರು ಕುಡೀರಿ. ಹೋದವರು ಹೋಗ್ಲಿ ಬಿಡ್ರಿ. ಕಣ್ಣು ನಿಮ್ಮವು, ಅವನ್ನ್ಯಾಕ ಹಾಳ ಮಾಡ್ಕೋತೀರಿ?"

"ಯಾರು ಹೋದವರು?"

"ಯಾರ ಸಲುವಾಗಿ ಅಳಾಕತ್ತೀರಲ್ಲ, ಅವರು."

ನಾಹಿದಾ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಲೋಟದ ನೀರು ಮೈಮೇಲೆ ತುಳುಕುವಷ್ಟು ನಕ್ಕಳು.

"ಹೋದದ್ದು ಮನಷ್ಯಾ ಅಲ್ರೀ, ಕರೆಂಟು! ಮೂರು ದಿವಸದಿಂದ ಕಾಲೇಜಿನ ಕಂಪ್ಯೂಟರ್ ನನ್ನ ಪ್ರಾಜೆಕ್ಟಿನ ಚಿತ್ರ ಮಾಡಾಕತ್ತಿತ್ತು. ನಾ ಅದರ ಮುಂದ ಕಣ್ಣು ಪಿಳಕಿಸದ ಕುಂತಿದ್ದೆ. ಮುಂಜಾನೆ ಕರೆಂಟ್ ಹೋಗಿ ಬಂದ ಏಟಿಗೆ ಹಾರ್ಡ್ ಡಿಸ್ಕ್ ಸುಟ್ಟು ಹೋತು. ಸಿಡಿಯೊಳಗಿನ ಪ್ರೋಗ್ರಾಮು ಅಷ್ಟ ಉಳೀತು. ಅತ್ತಿದ್ದೂ ಖರೇ ಐತಿ, ಸ್ವಲ್ಪ. ಆದ್ರ ಕಣ್ಣು ಕೆಂಪಾಗಿದ್ದು ಸ್ಕ್ರೀನ್ ನೋಡಿ. ಅದಕ್ಕ ತೋರಸಾಕ ಬಂದೆ."

ಇಕ್ಬಾಲನ ಕಿವಿಗಳೆರಡೂ ಅವಳ ಕಣ್ಣಿನಷ್ಟೇ ಕೆಂಪಾದವು. ಅದನ್ನು ಮುಚ್ಚಿಕೊಳ್ಳಲು ಅವನು ಟಾರ್ಚು ಹುಡುಕುವ ನೆವ ಮಾಡಿದ. ಟಾರ್ಚು ಅವನ ಜೇಬಿನಲ್ಲೇ ಇತ್ತು. ಅವಳಿಗೆ ಅದು ಕಾಣುತ್ತಿತ್ತು, ಅವಳು ಹೇಳಲಿಲ್ಲ.

ಅದು ೨೦೦೨ರ ಏಪ್ರಿಲ್. ಹುಬ್ಬಳ್ಳಿಯ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುವ ದಿನಗಳು. ನಾಹಿದಾ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಗೋಪನಕೊಪ್ಪದಲ್ಲಿ ಮನೆ, ತಂದೆ ಮಲ್ಲಿಕಸಾಬರದು ಇದೇ ದುರ್ಗದ ಬೈಲಿನ ಇನ್ನೊಂದು ತುದಿಯಲ್ಲಿ ಬಳೆ ಅಂಗಡಿ. ಎಲ್ಲರೂ ಪ್ರಾಜೆಕ್ಟಿಗೆ ಬ್ಯಾಂಕು, ಲೈಬ್ರರಿ ಅಂತ ಸಾಫ್ಟ್‌ವೇರ್ ಬರೆಯುತ್ತಿದ್ದಾಗ, ಇವಳು ಮಾತ್ರ ಅಪ್ಪನ ಬಳೆ ಅಂಗಡಿಯನ್ನು ಕಂಪ್ಯೂಟರಿನೊಳಗೆ ಕಟ್ಟುತ್ತೇನೆಂದು ಹಟ ಹಿಡಿದಿದ್ದಳು. ಒಂದು ನಿಮಿಷದ ಚಿತ್ರ. ಬಾಗಿಲಿನಿಂದ ಒಳಗೆ ನಡೆದು ಹೋಗುವುದು, ಸುತ್ತ ಸಾವಿರಾರು ಗಾಜಿನ ಬಳೆಗಳು, ಹಿಂದೆ ಒಂದು ದೊಡ್ಡ ಕನ್ನಡಿ.

"ಬ್ಯಾರೆ ಏನರೆ ಮಾಡು," ಎಂದಿದ್ದರು ಅವಳ ಗೈಡ್ ಮಂದಾಕಿನಿ ಮೇಡಂ. "ಗಾಜು ಅಂದ್ರ ಕಂಪ್ಯೂಟರಿಗೆ ಜ್ವರ ಬರತಾವ. ಆಗಲಿಲ್ಲ ಅಂದ್ರ ಒಂದು ವರ್ಷ ಹೋಗತೈತಿ, ನೋಡು."

ಆದರೆ ಆಗುತ್ತದೆಂದು ನಾಹಿದಾಳಿಗೆ ನಂಬಿಕೆ ಇತ್ತು. ಅವಳ ಕಾಲೇಜಿನಲ್ಲಿ ಹೊಸದಾಗಿ ಗ್ರಾಫಿಕ್ಸ್ ಲ್ಯಾಬು ತೆರೆಯಲಿತ್ತು. ಅದರಲ್ಲಿ ಒಬ್ಬರಿಗೆ ಕೆಲಸವಿತ್ತು. ಆ ಕೆಲಸದ ಮೇಲೆ ಅವಳ ಕಣ್ಣಿತ್ತು.

"ಒಂದು ಚಿತ್ರಕ್ಕ ಮೂರು ದಿವಸ ಯಾಕ ಬೇಕು?" ಟಾರ್ಚು ಸಿಕ್ಕ ಮೇಲೆ ಇಕ್ಬಾಲ ಕೇಳಿದ.

"ಒಂದಲ್ರಿ, ಒಂಬೈನೂರು ಚಿತ್ರ. ಸಿನಿಮಾದ ಹಂಗ ಒಂದರ ಹಿಂದ ಒಂದು. ಪ್ರತಿಯೊಂದರಾಗೂ ಲಕ್ಷಗಟ್ಟಲೆ ಚುಕ್ಕಿ. ಒಂದೊಂದು ಚುಕ್ಕಿ ಸಲುವಾಗಿ ನನ್ನ ಪ್ರೋಗ್ರಾಮು ಬೆಳಕಿನ ಕಿರಣ ಬಿಟ್ಟು ನೋಡತೈತಿ. ಕಿರಣ ಹೋಗಿ ಹಸರ ಬಳಿಗೆ ಬಡೀತೈತಿ, ಅಲ್ಲಿಂದ ಕೆಂಪು ಬಳಿಗೆ, ಅಲ್ಲಿಂದ ಕನ್ನಡಿಗೆ... ಒಂದು ಚಿತ್ರಕ್ಕ ಮುಕ್ಕಾಲು ತಾಸು. ಲೆಕ್ಕ ಹಾಕಿದ್ರ ಇಪ್ಪತ್ತೆಂಟು ದಿವಸ. ಪರೀಕ್ಷಕರಿಗೆ ತೋರಸೂ ಡೆಮೋ ಇರೂದು ಇಪ್ಪತ್ತೆರಡು ದಿವಸಕ್ಕ."

"ಎಲ್ಲಾ ಚುಕ್ಕಿಗೂ ಅಷ್ಟ ಕಿರಣ ಬಿಡತೀರೇನು?"

"ಮತ್ತ?"

ಇಕ್ಬಾಲ ಟಾರ್ಚು ಆರಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಕೈ ಮುಂದ ಚಾಚ್ರಿ. ಹೆಬ್ಬಟ್ಟು ಮ್ಯಾಲ ಮಾಡ್ರಿ. ಉಗುರು ನೋಡ್ರಿ, ಬರೇ ಉಗುರು. ಕಣ್ಣು ಅಲುಗಿಸಬ್ಯಾಡ್ರಿ. ಈಗ ಹೇಳ್ರಿ, ನನ್ನ ಅಂಗಿಗೆ ಎಷ್ಟು ಗುಂಡಿ ಅದಾವ?"

ನಾಹಿದಾ ಉಗುರನ್ನೇ ನೋಡುತ್ತ ಪ್ರಯತ್ನಿಸಿದಳು. ಅಂಗಿ ನೀಲಿ ಅನ್ನುವುದು ಗೊತ್ತಾಗುತ್ತಿತ್ತು. ಗುಂಡಿ? ಇದ್ದವೋ ಇಲ್ಲವೋ. ತಡೆಯಲಾರದೆ ಕಣ್ಣು ಸರ‍್ರನೆ ಅವನ ಎದೆಯ ಕಡೆ ಜಿಗಿಯಿತು.

"ಹಾಂ, ಕದ್ದು ನೋಡಿದ್ರಿ!" ಅವನು ನಕ್ಕ. "ನೋಡ್ರಿ, ಕಣ್ಣಿಗೆ ಚೊಕ್ಕ ಕಾಣೂದು ಆ ಉಗುರಿನಷ್ಟ ಜಾಗ. ಉಳಿದದ್ದೆಲ್ಲಾ ಅಂದಾಜು. ಕಣ್ಣು ಮಂಗ್ಯಾನಂಗ ಒಂದ ಸವನ ಜಿಗೀತಿರತಾವ, ಅದಕ್ಕ ನಮಗ ಎಲ್ಲಾ ಕಡೆ ಚೊಕ್ಕ ಕಂಡಂಗ ಅನಸತೈತಿ."

ನಾಹಿದಾಳ ಕೈ ಚಾಚಿದ್ದು ಚಾಚಿದ ಹಾಗೇ ಉಳಿಯಿತು.

ಉಳಿದದ್ದೆಲ್ಲ ಅಂದಾಜು! ಹಾಗಾದರೆ ಯಾರೂ ನೋಡದ ಮೂಲೆಗೂ, ಎಲ್ಲರೂ ನೋಡುವ ಬಳೆಗೂ ಅವಳು ಸಮನಾಗಿ ಬೆಳಕು ಸುರಿಯುತ್ತಿದ್ದಳು. ಕಣ್ಣು ಹೋಗುವ ಕಡೆ ಹೆಚ್ಚು ಕಿರಣ, ಹೋಗದ ಕಡೆ ಕಡಿಮೆ. ಎದ್ದವಳೇ ಮೆಟ್ಟಿಲಿಳಿದು ಓಡಿದಳು. ಅರ್ಧ ಬಜಾರು ದಾಟಿದ ಮೇಲೆ ಬ್ಯಾಗು ಮರೆತದ್ದು ನೆನಪಾಗಿ ಹೊರಳಿ ಓಡಿ ಬಂದಳು.

ಇಕ್ಬಾಲ ಬ್ಯಾಗು ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ನಿಂತಿದ್ದ.

"ಆದ್ರ ಜನರ ಕಣ್ಣು ಎಲ್ಲಿ ಹೋಗತಾವ ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಅವಳು ಏದುಸಿರಿನಲ್ಲೇ ಕೇಳಿದಳು.

"ದಿನಾ ನಾಲ್ವತ್ತು ಮಂದಿ ಕಣ್ಣು ನೋಡತೇನಿ," ಎಂದ ಇಕ್ಬಾಲ. "ಅದರ ಸಲುವಾಗಿ ನೀವು ಬ್ಯಾರೆ ಕಡೆ ಹೋಗಬೇಕೇನು?"

*

ಮರುದಿನ ನಾಹಿದಾ ಕಾಲೇಜಿನ ಒಂದು ಹಳೆಯ ಕಂಪ್ಯೂಟರನ್ನು ಮಂದಾಕಿನಿ ಮೇಡಂ ಸಹಿಯ ಮೇಲೆ ಇಸಿದುಕೊಂಡು, ಮಾನಿಟರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದಳು. ರಸ್ತೆಯ ಪ್ರತಿ ಗುಂಡಿಗೂ "ಸಾವಕಾಶ್ರೀ!" ಅಂತ ಅವಳು ಕೂಗಿದ್ದನ್ನು ಕೇಳಿ ಕೇಳಿ ಆಟೋದವನು ಕೊನೆಗೆ, "ಏನವಾ, ಹೆರಿಗಿ ಆಸ್ಪತ್ರಿಗೆ ಹೊಂಟಂಗ ಹೊಂಟಿಯಲ್ಲ," ಅಂದಿದ್ದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಇಕ್ಬಾಲನ ತಾಯಿ ಅಖ್ತರಬೇಗಂ ಹೊಲಿಗೆ ಯಂತ್ರ ಇಟ್ಟುಕೊಂಡು ಹೆಣ್ಣುಮಕ್ಕಳ ಜಂಪರು, ರವಿಕೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಂಗಡಿಯ ಮುಂಭಾಗ ಮಗನದು, ಹಿಂಭಾಗ ತಾಯಿಯದು. ಅವರು ಬಟ್ಟೆಯ ಗಂಟು ಸರಿಸಿ ಕಂಪ್ಯೂಟರಿಗೆ ಜಾಗ ಕೊಟ್ಟರು.

ಇಕ್ಬಾಲ ಮಾಡಿದ ಉಪಾಯ ಸರಳವಾಗಿತ್ತು. ಮಾನಿಟರಿನ ನೆತ್ತಿಯ ಮೇಲೆ ಒಂದು ರಟ್ಟು, ರಟ್ಟಿನ ನಡುವೆ ಒಂದು ತೂತು. ಪರದೆಯನ್ನು ಒಂಬತ್ತು ಚೌಕಗಳಾಗಿ ಗೆರೆ ಎಳೆದಂತೆ ಭಾಗ ಮಾಡಿದರು. ನೋಡುವವರು ಪರದೆಯ ಮುಂದೆ, ಇಕ್ಬಾಲ ರಟ್ಟಿನ ಹಿಂದೆ. ಮೊದಲು ಒಂದರಿಂದ ಒಂಬತ್ತರವರೆಗೆ ಪ್ರತಿ ಚೌಕವನ್ನೂ ನೋಡಿಸಿ ಅವರ ಕಣ್ಣಿನ ಚಲನೆ ಗುರುತು ಮಾಡಿಕೊಳ್ಳುವುದು. ಆಮೇಲೆ ಬಳೆ ಅಂಗಡಿಯ ಕಚ್ಚಾ ಚಿತ್ರ ಓಡಿಸುವುದು. ಕಣ್ಣು ಹೋದ ಚೌಕದ ನಂಬರನ್ನು ಇಕ್ಬಾಲ ಕೂಗುತ್ತಾನೆ, ನಾಹಿದಾ ಬರೆದುಕೊಳ್ಳುತ್ತಾಳೆ.

"ಐದು. ಐದು. ನಾಲ್ಕು. ಐದು. ಎಂಟು."

ಅವನು ಉಸಿರು ಬಿಗಿಹಿಡಿದು ಕೂಗುತ್ತಿದ್ದ, ಕ್ರಿಕೆಟ್ ಕಾಮೆಂಟರಿಯಂತೆ. ಅವಳ ಪೆನ್ಸಿಲ್ ಓಡುತ್ತಿತ್ತು. ಚಷ್ಮಾ ಮಾಡಿಸಲು ಬಂದವರು, ಪಕ್ಕದ ಅಂಗಡಿಯವರು, ಗಬ್ಬೂರಿನಿಂದ ಕೈಯಲ್ಲಿ ಬಸ್ ಟಿಕೀಟು ಹಿಡಿದು ಬಂದ ಲಾರಿ ಮೆಕ್ಯಾನಿಕ್ಕುಗಳು. ಐದು ಮಧ್ಯಾಹ್ನಗಳಲ್ಲಿ ಮೂವತ್ತು ಜನ. ಎಲ್ಲರೂ ಪರದೆಯ ನಡುವೆಯೇ ನೋಡುತ್ತಿದ್ದರು, ಅಂಗಡಿಯವನು ಕೂರುವ ಗಾದಿಯನ್ನು, ಎದುರಿನ ಕನ್ನಡಿಯನ್ನು. ಮೇಲಿನ ಕಪಾಟುಗಳನ್ನು ಯಾರೂ ಕಣ್ಣೆತ್ತಿಯೂ ನೋಡಲಿಲ್ಲ.

ಅಖ್ತರಬೇಗಂ ಒಂದು ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಇನ್ನೊಂದು ಸಂಗತಿ ಹೇಳಿಕೊಟ್ಟರು. "ಹೂ ಹೂ ಇದ್ದ ಬಟ್ಟಿ ಮ್ಯಾಲ ನನ್ನ ಹೊಲಿಗಿ ಸೊಟ್ಟ ಬಂದ್ರ ಯಾರಿಗೂ ಕಾಣೂದಿಲ್ಲ ಬೇಟಿ. ಬಿಳಿ ಬಟ್ಟಿ ಮ್ಯಾಲ ಒಂದು ಟಾಕಿ ತಪ್ಪಿದ್ರೂ ಗಿರಾಕಿ ಹೊಳ್ಳಿ ಬರತಾಳ."

ನಾಹಿದಾ ಅವರ ಎರಡೂ ಕೈ ಹಿಡಿದು ಕುಣಿದೇಬಿಟ್ಟಳು. ನೆಲದ ಮೇಲೆ ಹಾಸಿದ ಹೂವಿನ ಜಮಖಾನಕ್ಕೆ ಅಷ್ಟೊಂದು ಕಿರಣ ಬೇಕಿರಲಿಲ್ಲ. ನುಣ್ಣನೆಯ ಸುಣ್ಣದ ಗೋಡೆಗೆ ಬೇಕಿತ್ತು! ಅವಳು ಅಂದುಕೊಂಡದ್ದಕ್ಕೆ ಪೂರಾ ತಿರುವುಮುರುವು. ಇಕ್ಬಾಲ ಬಾಗಿಲಲ್ಲಿ ನಿಂತು ತನ್ನ ತಾಯಿ ಕುಣಿಯುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದ.

"ನಿಮ್ಮ ಕಣ್ಣು ಯಾರೂ ನೋಡಲಿಲ್ಲಲ್ಲ," ಎಂದಳು ಅವಳು ಆ ಉಮೇದಿಯಲ್ಲೇ. "ಬರ್ರಿ, ಕೂಡ್ರಿ. ಇವತ್ತ ನಾ ತೂತಿನ ಹಿಂದ."

ಅಖ್ತರಬೇಗಂ ಹೊಲಿದ ಜಂಪರು ಕೊಡಲು ಪಕ್ಕದ ಓಣಿಗೆ ಹೋದರು. ಇಕ್ಬಾಲ ಶರ್ಟಿನ ಕಾಲರು ಸರಿಮಾಡಿಕೊಂಡು, ಮದುವೆಯ ಫೋಟೋಕ್ಕೆ ಕೂರುವವನಂತೆ ಕುಳಿತ.

ತೂತಿನಿಂದ ಅವಳಿಗೆ ಬರೀ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಐದು ದಿನದಿಂದ ಪಕ್ಕದಲ್ಲೇ ಇದ್ದ ಕಣ್ಣುಗಳು. ಆದರೆ ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಯಾರ ಕಣ್ಣನ್ನೂ ಅವಳು ನೋಡಿರಲಿಲ್ಲ. ಚಹಾದ ಬಣ್ಣ. ಎಡಗಣ್ಣಿನ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ. ರೆಪ್ಪೆಗಳು ಹೆಣ್ಣುಮಕ್ಕಳಿಗಿರುವಂತೆ ಉದ್ದ.

"ಒಂದು," ಎಂದಳು. ಕಣ್ಣು ಮೇಲೆ ಎಡಕ್ಕೆ ಹೋದವು. "ಎರಡು. ಮೂರು." ವಿಧೇಯವಾಗಿ ಸರಿದವು. ಒಂಬತ್ತರವರೆಗೂ ಒಳ್ಳೆಯ ವಿದ್ಯಾರ್ಥಿ.

ಚಿತ್ರ ಶುರುವಾಯಿತು. ಬಳೆ ಅಂಗಡಿಯ ಬಾಗಿಲು ತೆರೆಯಿತು. ಇಕ್ಬಾಲನ ಕಣ್ಣು ಐದಕ್ಕೆ ಹೋದವು. ಎರಡಕ್ಕೆ ಏರಿದವು. ಎರಡನ್ನೂ ದಾಟಿ, ಪರದೆಯ ಅಂಚನ್ನೂ ದಾಟಿ, ನೇರ ತೂತಿಗೆ ಬಂದು ನಿಂತವು.

"ಸ್ಕ್ರೀನ್ ನೋಡ್ರಿ."

"ನೋಡಾಕತ್ತೇನಿ."

"ಇಲ್ಲ."

"ನಿಮಗ ಹ್ಯಾಂಗ ಗೊತ್ತು?"

"ನೀವ ಕಲಿಸೀರಲ್ಲ." ಅವಳ ದನಿ ತನಗೇ ಕೇಳದಷ್ಟು ಇಳಿದಿತ್ತು. "ಇದು ಯಾವ ಚೌಕ? ಇದಕ್ಕ ನಂಬರ್ ಇಲ್ಲ."

"ಹತ್ತು ಅಂತ ಬರ್ಕೋರಿ."

ಪೆನ್ಸಿಲಿನ ತುದಿ ಕಾಗದದ ಮೇಲೆ ಟಕ್ಕನೆ ಮುರಿಯಿತು. ಒಂದು ನಿಮಿಷದ ಚಿತ್ರ ಮುಗಿದು ಪರದೆ ಕಪ್ಪಾದರೂ ಆ ಕಣ್ಣುಗಳು ಕೆಳಗಿಳಿಯಲಿಲ್ಲ, ಅವಳೂ ತೂತಿನಿಂದ ಸರಿಯಲಿಲ್ಲ. ಮೆಟ್ಟಿಲ ಮೇಲೆ ಅಖ್ತರಬೇಗಂ ಚಪ್ಪಲಿಯ ಸದ್ದಾದಾಗ ಇಬ್ಬರೂ ಒಟ್ಟಿಗೆ ಎದ್ದರು. ರಟ್ಟು ಬಿತ್ತು, ಅದನ್ನು ಎತ್ತಲು ಬಗ್ಗಿದ ಎರಡು ತಲೆಗಳು ಢಿಕ್ಕಿ ಹೊಡೆದವು.

*

ಹೊಸ ಪ್ರೋಗ್ರಾಮು ಓಡಿತು. ಒಂದು ಚಿತ್ರಕ್ಕೆ ಮುಕ್ಕಾಲು ತಾಸಿನ ಬದಲು ಹನ್ನೆರಡು ನಿಮಿಷ! ನಾಹಿದಾ ಕಾಲೇಜಿನ ಎಸ್‌ಟಿಡಿ ಬೂತಿನಿಂದ ಚಷ್ಮಾ ಅಂಗಡಿಗೆ ಫೋನು ಮಾಡಿ "ಹನ್ನೆರಡು!" ಅಂತಷ್ಟೇ ಕೂಗಿ ಇಟ್ಟುಬಿಟ್ಟಳು. ಇಕ್ಬಾಲ ಆ ದಿನ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದನಂತೆ.

ಮಂದಾಕಿನಿ ಮೇಡಂ ಮಾತ್ರ ಹುಬ್ಬುಗಂಟಿಕ್ಕಿದರು. "ಅಲ್ಲಲ್ಲಿ ಕೆಲಸ ಬಿಟ್ಟು, ಪೂರಾ ಮಾಡೇನಿ ಅಂತ ತೋರಸೂದು ಮೋಸ ಅಲ್ಲೇನು ನಾಹಿದಾ?"

"ಕಣ್ಣು ತಾನ ಬಿಟ್ಟದ್ದನ್ನ ನಾನೂ ಬಿಟ್ಟೇನಿ ಮೇಡಂ. ಮುಚ್ಚಿಡೂದಿಲ್ಲ. ಎಲ್ಲಿ ಬಿಟ್ಟೇನಿ ಅಂತ ಬರದ ಕೊಡತೇನಿ. ಬರೇ ಚಿತ್ರ ನೋಡಿ ಯಾರರೆ ಕಂಡುಹಿಡದ್ರ ನಾ ಸೋತೆ."

"ಹಂಗಾದ್ರ ಪರೀಕ್ಷಕರ ಮುಂದ ಹಳೇದೂ ಹೊಸದೂ ಎರಡೂ ಚಿತ್ರ ಬಾಜೂಕ ಬಾಜೂಕ ಇಡು," ಎಂದರು ಮೇಡಂ. "ಅವರ ಕಂಡುಹಿಡೀಲಿ."

ಮೂರು ದಿನ ಮೆಷಿನ್ನು ಓಡಿತು. ಆದ ಚಿತ್ರಗಳನ್ನು ಸಿಡಿಯಲ್ಲಿ ತಂದು ನಾಹಿದಾ ಹಿಂದಿನ ಕೋಣೆಯಲ್ಲಿ ಹಾಕಿದಳು. ಬೆಳಕು ಬಳೆಗಳ ಮೇಲೆ ಹರಿದಾಡಿತು. ಇಕ್ಬಾಲ ಸಿಳ್ಳೆ ಹೊಡೆದ. ಅಖ್ತರಬೇಗಂ ಸೂಜಿ ಕೆಳಗಿಟ್ಟು ಹತ್ತಿರ ಬಂದರು.

"ಛಲೋ ಐತಿ. ಆದ್ರ ಮ್ಯಾಲಿನ ಕಪಾಟಿನ್ಯಾಗ ಆ ಗಿಣಿಹಸರ ಬಳಿ ಯಾಕ ಒಡದ ಹಾಲಿನಂಗ ಕಾಣತಾವ?"

ನಾಹಿದಾ ಬಗ್ಗಿ ಪರದೆಯ ಮೇಲಂಚು ನೋಡಿದಳು. ಯಾರೂ ನೋಡುವುದಿಲ್ಲವೆಂದು ಕಿರಣ ಕಡಿಮೆ ಮಾಡಿದ ಜಾಗ ಅದು. ಈ ತಾಯಿಯ ಕಣ್ಣು ಮೊದಲ ಏಟಿಗೇ ಅಲ್ಲಿಗೆ ಹೋಗಿತ್ತು.

"ಮೂರು ದಿವಸ ಹಾಳಾದ್ವು." ಅವಳು ಕುರ್ಚಿಯಿಂದ ಎದ್ದು ಇಕ್ಬಾಲನ ಕಡೆ ತಿರುಗಿದಳು. "ಯಾರ‍್ಯಾರನ್ನ ಕುಂಡ್ರಿಸಿದ್ರಿ ನೀವು? ಎಲ್ಲಾ ನಿಮ್ಮ ಗೆಳ್ಯಾರು, ಮೆಕ್ಯಾನಿಕ್ಕು. ನಿಮ್ಮ ಲಕ್ಷ್ಯ ಕೆಲಸದ ಮ್ಯಾಲ ಇದ್ದಿದ್ದಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅದು ಎಲ್ಲಿ ತಾಗಿತೆಂದು ಅವಳಿಗೆ ಗೊತ್ತಾಯಿತು.

ಇಕ್ಬಾಲ ನೆಲ ನೋಡಿದ. "ಇದ್ದಿದ್ದಿಲ್ಲ," ಎಂದ ಮೆಲ್ಲಗೆ. "ಖರೇ." ಮುಂದಿನ ಕೋಣೆಗೆ ಹೋಗಿ ಲೆನ್ಸು ಉಜ್ಜುವ ಯಂತ್ರ ಹಚ್ಚಿದ. ಅದರ ಗರ್ರ್ ಸದ್ದಿನಲ್ಲಿ ಅವಳು ಕ್ಷಮೆ ಕೇಳಿದ್ದರೂ ಕೇಳಿಸುತ್ತಿರಲಿಲ್ಲ. ಅವಳು ಕೇಳಲೂ ಇಲ್ಲ. ಮೆಟ್ಟಿಲಿಳಿದು ಅಪ್ಪನ ಅಂಗಡಿಗೆ ಬಂದು ಬಳೆ ಡಬ್ಬಿಗಳ ನಡುವೆ ಮುದುಡಿ ಕುಳಿತಳು.

ಮಲ್ಲಿಕಸಾಬರು ಮಗಳನ್ನು ಒಮ್ಮೆ ನೋಡಿದರು. ಅಷ್ಟರಲ್ಲಿ ಕೆಲಗೇರಿಯಿಂದ ಮೂವರು ಹೆಣ್ಣುಮಕ್ಕಳು ಬಂದರು. ಯಾವ ಬಣ್ಣ ಬೇಕೆಂದು ಅವರು ಬಾಯಿ ಬಿಡುವ ಮೊದಲೇ ಮಲ್ಲಿಕಸಾಬರು ಮೇಲಿನ ಕಪಾಟಿನಿಂದ ನೇರಳೆ ಬಣ್ಣದ ಡಬ್ಬಿ ಇಳಿಸಿದರು. ನಡುವಿನವಳ ಮುಖ ಅರಳಿತು.

"ಅಬ್ಬಾ, ನಿಮಗ ಹ್ಯಾಂಗ ಗೊತ್ತಾತು?" ಅವರು ಹೋದ ಮೇಲೆ ನಾಹಿದಾ ಅಪ್ಪನನ್ನು ಕೇಳಿದಳು.

"ಅದರಾಗ ಏನೈತಿ?" ಎಂದರು ಮಲ್ಲಿಕಸಾಬರು. "ಗಂಡಸರು ಅಂಗಡಿಗೆ ಬಂದ್ರ ಮಾರೂವನ ಮಾರಿ ನೋಡತಾರ, ಎಷ್ಟು ಹೇಳತಾನೋ ಅಂತ. ಹೆಣ್ಮಕ್ಕಳು ಬಂದ್ರ ತಾವು ಉಟ್ಟ ಸೀರಿ ಬಣ್ಣ ಹುಡಕತಾರ. ಬಣ್ಣಬಣ್ಣದ ಡಬ್ಬಿ ಎಲ್ಲಾ ಮ್ಯಾಲಿನ ಕಪಾಟಿನ್ಯಾಗ ಇರತಾವ. ಅವರ ಕಣ್ಣು ಎಲ್ಲಿ ನಿಲ್ಲತಾವೋ ಆ ಡಬ್ಬಿ ಇಳಸತೇನಿ. ಮೂವತ್ತು ವರ್ಷಾತು."

ನಾಹಿದಾ ಅಪ್ಪನನ್ನು ಮೊದಲ ಬಾರಿ ನೋಡುವವಳಂತೆ ನೋಡಿದಳು. ಮೂವತ್ತು ಜನರನ್ನು ತೂತಿನಿಂದ ನೋಡಿ ತಾನು ತಪ್ಪಿದ್ದನ್ನು, ಈ ಮನುಷ್ಯ ಗಾದಿಯ ಮೇಲೆ ಕುಳಿತು ಮೂವತ್ತು ವರ್ಷದಿಂದ ತಪ್ಪದೆ ಮಾಡುತ್ತಿದ್ದ. ತಾನೂ ಈ ಅಂಗಡಿಯಲ್ಲೇ ಬೆಳೆದವಳು. ಮೂವತ್ತರಲ್ಲಿ ಒಬ್ಬಳೂ ಹೆಣ್ಣುಮಗಳಿಲ್ಲ ಅನ್ನುವುದು ತನಗಾದರೂ ಹೊಳೆಯಬೇಕಿತ್ತಲ್ಲ. ತಪ್ಪು ಇಕ್ಬಾಲನದಷ್ಟೇ ಅಲ್ಲ, ತನ್ನದೂ ಇತ್ತು.

ಮರುದಿನ ಬೆಳಿಗ್ಗೆ ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಚಷ್ಮಾ ಅಂಗಡಿಗೆ ಬಂದವಳು ಮೆಟ್ಟಿಲ ಕೆಳಗೇ ನಿಂತುಬಿಟ್ಟಳು. ಮೆಟ್ಟಿಲ ಮೇಲೆಲ್ಲ ಹೆಣ್ಣುಮಕ್ಕಳು. ಬುರ್ಖಾದವರು, ಇಳಕಲ್ ಸೀರೆಯವರು, ಕಾಯಿಪಲ್ಲೆ ಬುಟ್ಟಿ ಹೊತ್ತವರು, ಕಾಲೇಜಿನ ಹುಡುಗಿಯರು. ನಡುವೆ ಅಖ್ತರಬೇಗಂ, ಪಾಳಿ ತಪ್ಪಿದವರನ್ನು ಗದರುತ್ತ.

ಇಕ್ಬಾಲ ಬಾಗಿಲ ಹೊರಗೆ ನಿಂತಿದ್ದ. ಅವನ ಕಣ್ಣು ಅವಳ ಕಣ್ಣಿಗಿಂತ ಕೆಂಪಗಿದ್ದವು.

"ಅಮ್ಮಿ ಎಲ್ಲಾರ‍್ನೂ ಕರ‍್ಯಾಳ. ನೀವ ಒಳಗ ಕುಂತು ನೋಡ್ರಿ, ನಾ ಇಲ್ಲೇ ಹೊರಗ ಇರತೇನಿ. ಮಧ್ಯಾಹ್ನ ನನ್ನ ಅಂಗಡಿಗೆ ಬರೇ ಗಂಡಸರ ಬರತಾರ ಅನ್ನೂದು ನನಗ ಹೊಳೀಬೇಕಾಗಿತ್ತು."

"ನನಗೂ ಹೊಳೀಲಿಲ್ಲ. ಇಕ್ಬಾಲ, ನಿನ್ನೆ ನಾ ಅಂದದ್ದು..."

"ಕೆಲಸ ಮೊದಲ," ಎಂದ ಅವನು. ಆದರೆ ಅಂದ ಕೂಡಲೇ ತುಟಿಯ ಒಂದು ತುದಿ ತಾನಾಗಿಯೇ ಮೇಲೆದ್ದಿತು. ಅವಳಿಗೆ ಅಷ್ಟು ಸಾಕಾಯಿತು.

ಎರಡು ದಿನದಲ್ಲಿ ನಲವತ್ತು ಹೆಣ್ಣುಮಕ್ಕಳು. ನಾಹಿದಾ ತೂತಿನ ಹಿಂದೆ ಕುಳಿತು ನಂಬರು ಕೂಗಿದರೆ, ಹೊರಗಿನಿಂದ ಇಕ್ಬಾಲ ಗೋಡೆಯಾಚೆ ಕೇಳಿಸಿಕೊಂಡು ಬರೆಯುತ್ತಿದ್ದ. ಎರಡು! ಒಂದು! ಮೂರು! ಮೇಲೆ, ಮೇಲೆ, ಮೇಲೆ. ಕಿರಣಗಳೆಲ್ಲ ಈಗ ಕಪಾಟು ಹತ್ತಿದವು. ಬಾಗಿಲ ಬದಿಯ ನೆರಳಿನಿಂದ, ಹೂವಿನ ಜಮಖಾನದಿಂದ ಉಳಿಸಿದ ಬೆಳಕನ್ನೆಲ್ಲ ಗಿಣಿಹಸಿರಿಗೂ ನೇರಳೆಗೂ ಹಂಚಿದಳು. ಹನ್ನೆರಡು ನಿಮಿಷ ಹನ್ನೆರಡಾಗಿಯೇ ಉಳಿಯಿತು. ಡೆಮೋದ ಹಿಂದಿನ ದಿನ ಸಂಜೆ ಐದಕ್ಕೆ ಒಂಬೈನೂರನೆಯ ಚಿತ್ರ ಮುಗಿಯಿತು.

*

ಡೆಮೋಕ್ಕೆ ಮಲ್ಲಿಕಸಾಬರು ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಅವರು, ಪಕ್ಕದಲ್ಲಿ ಅಖ್ತರಬೇಗಂ. ಇಕ್ಬಾಲ ಹಿಂದೆ ಗೋಡೆಗೆ ಒರಗಿ ನಿಂತಿದ್ದ.

ಹೊರಗಿನಿಂದ ಬಂದ ಪರೀಕ್ಷಕರು ತೆಳ್ಳಗಿನ, ಸಿಟ್ಟಿನ ಮುಖದ ಮನುಷ್ಯ. ಮಂದಾಕಿನಿ ಮೇಡಂ ಎರಡು ಪರದೆಗಳ ಮೇಲೆ ಒಂದೇ ನೋಟದ ಎರಡು ಚಿತ್ರ ತೆರೆಸಿದರು. ಒಂದಕ್ಕೆ ಮುಕ್ಕಾಲು ತಾಸು, ಇನ್ನೊಂದಕ್ಕೆ ಹನ್ನೆರಡು ನಿಮಿಷ. "ಯಾವುದು ಯಾವುದು ಅಂತ ಹೇಳ್ರಿ ಸರ್."

ಪರೀಕ್ಷಕರು ನೋಡಿದರು. ಚಷ್ಮಾ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು.

"ಇದು," ಎಂದರು ಕೊನೆಗೆ, ಎಡಗಡೆಯ ಪರದೆಗೆ ಬೆರಳು ತಾಗಿಸಿ. "ಪೂರಾ ಕೆಲಸ ಮಾಡಿದ್ದು ಇದು. ಬಳಿ ನೋಡ್ರಿ ಹ್ಯಾಂಗ ಅದಾವ."

"ಸರ್," ಎಂದಳು ನಾಹಿದಾ. "ಅದು ಹನ್ನೆರಡು ನಿಮಿಷದ್ದು."

ಪರೀಕ್ಷಕರ ಸಿಟ್ಟಿನ ಮುಖವೇ ಒಡೆದು ನಗು ಹೊರಬಂತು. ಇಡೀ ಲ್ಯಾಬು ಚಪ್ಪಾಳೆಯಿಂದ ತುಂಬಿತು. ಮಂದಾಕಿನಿ ಮೇಡಂ ಎಲ್ಲರೆದುರಿಗೇ ಅವಳನ್ನು ಅಪ್ಪಿಕೊಂಡು ಕಿವಿಯಲ್ಲಿ, "ಜೂನ್ ಒಂದಕ್ಕ ಲ್ಯಾಬಿನ ಕೀಲಿ ನಿನ್ನ ಕೈಯಾಗ," ಎಂದರು. ಮಲ್ಲಿಕಸಾಬರು ಪರದೆಯನ್ನೇ ನೋಡುತ್ತ, "ಎಲ್ಲಾ ಬರೋಬ್ಬರಿ ಐತಿ. ಆದ್ರ ನನ್ನ ಅಂಗಡ್ಯಾಗ ಗಿರಾಕಿನ ಇಲ್ಲಲ್ಲ?" ಎಂದಾಗ ಮತ್ತೊಮ್ಮೆ ನಗೆಯೆದ್ದಿತು.

ನಾಹಿದಾ ತಿರುಗಿ ಹಿಂದಿನ ಗೋಡೆ ನೋಡಿದಳು. ಇಕ್ಬಾಲ ಇರಲಿಲ್ಲ. ಕಣ್ಣು ಪರೀಕ್ಷೆಗೆ ಗಿರಾಕಿಗಳು ಕಾಯುತ್ತಿದ್ದಾರೆಂದು ಹೋದನೆಂದು ಅಖ್ತರಬೇಗಂ ಹೇಳಿದರು. "ಹೋಗೂವಾಗ ಕಣ್ಣು ಒರಸ್ಕೊಂತ ಹ್ವಾದ. ಧೂಳು ಅಂದ."

ಮರುದಿನ ಮುಂಜಾನೆ ನಾಷ್ಟಾಕ್ಕೆ ಕುಳಿತಾಗ ಮಲ್ಲಿಕಸಾಬರೇ ಮಾತು ತೆಗೆದರು. "ಆ ಚಷ್ಮಾದ ಹುಡುಗ ಎರಡು ತಾಸು ನಿಂತಿದ್ದ. ಕುರ್ಚಿ ಖಾಲಿ ಇದ್ರೂ ಕೂಡಲಿಲ್ಲ. ಯಾಕ?"

ನಾಹಿದಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನ್ನ ಸಲುವಾಗಿ ಅಬ್ಬಾ. ಅಂವ ಕೇಳಿದ್ರ ನಾ ಹೂಂ ಅಂತೇನಿ."

"ಕೇಳ್ಯಾನೇನು?"

"ಇಲ್ಲ. ಅಂವಗ ಧೈರ್ಯ ಸಾಲೂದಿಲ್ಲ."

ಮಲ್ಲಿಕಸಾಬರು ಚಹಾ ಮುಗಿಸಿ, ಬಟ್ಟಲು ಕೆಳಗಿಟ್ಟು, ಗಡ್ಡ ಒರೆಸಿಕೊಂಡರು. "ಅವರಮ್ಮ ಭಾಳ ಛಲೋ ಹೆಣ್ಮಗಳು," ಎಂದರು. ಎದ್ದು ಟೊಪ್ಪಿಗೆ ಹುಡುಕತೊಡಗಿದರು. "ನಾ ಅಂಗಡ್ಯಾಗ ಇರತೇನಿ. ಮಧ್ಯಾಹ್ನದ ಮಟ."

ಅಷ್ಟು ಸಾಕಿತ್ತು. ನಾಹಿದಾ ಗೋಪನಕೊಪ್ಪದ ಬಸ್ಸಿಗೂ ಕಾಯಲಿಲ್ಲ, ಸಿಕ್ಕ ಟೆಂಪೋ ಹತ್ತಿದಳು. ದುರ್ಗದ ಬೈಲಿನಲ್ಲಿ ಇಳಿದು ಆ ನಾಲ್ಕು ಮೆಟ್ಟಿಲನ್ನು ಎರಡೇ ಜಿಗಿತಕ್ಕೆ ಹತ್ತಿದಳು. ಒಳಗೆ ಇಕ್ಬಾಲ ಒಬ್ಬ ದಪ್ಪ ಮೀಸೆಯ ಗಿರಾಕಿಗೆ ಪರೀಕ್ಷೆಯ ಫ್ರೇಮು ತೊಡಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದ.

"ಇಕ್ಬಾಲ."

ಅವನು ತಿರುಗಿದ. ಕೈಯಲ್ಲೊಂದು ಲೆನ್ಸು.

"ನನ್ನ ಮದಿವಿ ಆಗತೀರೇನು?"

ಅಕ್ಷರ ಓದುವ ದನಿ ನಿಂತಿತು. ಬಾಗಿಲ ಬಳಿ ಪಾಳಿಗೆ ಕಾಯುತ್ತಿದ್ದ ಇಬ್ಬರು ಪತ್ರಿಕೆ ಕೆಳಗಿಳಿಸಿದರು. ಹಿಂದಿನ ಕೋಣೆಯ ಹೊಲಿಗೆ ಯಂತ್ರವೂ ಗಪ್ಪನೆ ನಿಂತಿತು.

ಇಕ್ಬಾಲನ ಬಾಯಿ ತೆರೆಯಿತು, ಮುಚ್ಚಿತು. "ನಾ... ನಾನ ಕೇಳಬೇಕು ಅಂತಿದ್ದೆ. ಮುಂದಿನ ವಾರ. ಅಮ್ಮಿನ್ನ ಕಳಿಸಿ..."

"ನಾ ಇವತ್ತ ಕೇಳಾಕತ್ತೇನಿ."

"ಲೇ ತಮ್ಮಾ, ಹೂಂ ಅನ್ನೋ," ಎಂದ ಮೀಸೆಯ ಗಿರಾಕಿ, ಒಂದು ಕಣ್ಣು ಮುಚ್ಚಿಕೊಂಡೇ. "ನನ್ನ ಕಣ್ಣು ಆಮ್ಯಾಲ ನೋಡುವಂತಿ. ಇಷ್ಟು ವರ್ಷ ಮಂಜ ಇದ್ವು, ಇನ್ನೊಂದು ತಾಸಿಗೆ ಏನಾಗತೈತಿ?"

"ಹೂಂ," ಎಂದ ಇಕ್ಬಾಲ. ಆಮೇಲೆ ಅದು ಸಾಲದೆನ್ನಿಸಿ ಅಂಗಡಿ ನಡುಗುವಂತೆ, "ಹೂಂರೀ!" ಎಂದು ಕೂಗಿದ. ಹಿಂದಿನ ಕೋಣೆಯಿಂದ ಅಖ್ತರಬೇಗಂ "ಅಲ್ಹಮ್ದುಲಿಲ್ಲಾ" ಎಂದದ್ದು ಬಜಾರಿಗೆಲ್ಲ ಕೇಳಿಸಿತು.

ಇಬ್ಬರೂ ಮೆಟ್ಟಿಲಿಳಿದರು. ಏರುತ್ತಿದ್ದ ಬಿಸಿಲಿನಲ್ಲಿ, ಹೂವಿನವರನ್ನೂ ಹಣ್ಣಿನ ಗಾಡಿಗಳನ್ನೂ ದಾಟುತ್ತ, ಕೈ ಹಿಡಿಯದೆ, ಆದರೆ ತೋಳಿಗೆ ತೋಳು ತಾಗುವಷ್ಟು ಹತ್ತಿರ ನಡೆದರು. ಸುಮ್ಮನೆ ನಗು ಬರುತ್ತಿತ್ತು. ಅರ್ಧ ದಾರಿಯಲ್ಲಿ ಇಕ್ಬಾಲನಿಗೆ ಕೈಯಲ್ಲಿ ಲೆನ್ಸು ಹಾಗೇ ಇರುವುದು ಗೊತ್ತಾಗಿ ಅದನ್ನು ಜೇಬಿಗಿಟ್ಟುಕೊಂಡ.

ಬಳೆ ಅಂಗಡಿಯಲ್ಲಿ ಮಲ್ಲಿಕಸಾಬರು ಒಬ್ಬ ಅಜ್ಜಿಯ ಕೈಗೆ ಬಳೆ ಏರಿಸುತ್ತಿದ್ದರು. ತಲೆಯೆತ್ತಿ ಇಬ್ಬರನ್ನೂ ನೋಡಿದರು. ಕೊನೆಯ ಬಳೆ ಏರುವವರೆಗೂ ಅಜ್ಜಿಯ ಕೈ ಬಿಡಲಿಲ್ಲ. ಇಕ್ಬಾಲ ಅಂಗಡಿಯ ಕಟ್ಟೆಯ ಕೆಳಗೆ ಶಾಲೆಯ ಹುಡುಗನಂತೆ ನಿಂತಿದ್ದ, ಬೆವರು ಕುತ್ತಿಗೆಗಿಳಿಯುತ್ತಿತ್ತು.

ಅಜ್ಜಿ ಹೋದಳು. ಮಲ್ಲಿಕಸಾಬರು ಗಾದಿಯ ಮೇಲೆ ತಮ್ಮ ಪಕ್ಕದಲ್ಲಿದ್ದ ಬಳೆ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಆಚೆಗಿಟ್ಟರು. ಅಂಗೈಯಿಂದ ಗಾದಿಯ ಧೂಳು ಕೊಡವಿದರು.

"ಬಿಸಲಾಗ ಯಾಕ ನಿಂತೀಪಾ," ಎಂದರು. "ಮ್ಯಾಲ ಬಾ, ಕೂಡು."